ಹಾರಿದ ಪಿನ್ನು, ಸರಿದ ಆಕ್ಸಲ್: ಕಬ್ಬಿನ ಡಬಲ್ ಟ್ರೇಲರ್‌ನ ಒಂದು ಪ್ರಕರಣ

ಗಾಡಿ ಮುಧೋಳ ತಾಲ್ಲೂಕಿನ ಒಬ್ಬ ರೈತರದು. 50 ಎಚ್‌ಪಿ ಟ್ರ್ಯಾಕ್ಟರ್, ಹಿಂದೆ ನಾಲ್ಕು ಗಾಲಿಯ ಎರಡು ಟ್ರೇಲರ್. ಕಬ್ಬಿನ ಹಂಗಾಮ ಭರದಲ್ಲಿತ್ತು. ಲೋಕಾಪುರ ಕಡೆಯ ಹೊಲದಿಂದ ತುಂಬಿದ ಕಬ್ಬು ಹೇರಿಕೊಂಡು ಕಾರ್ಖಾನೆ ದಾರಿ ಹಿಡಿದಿದ್ದಾಗ, ಒಂದು ಊರಿನ ಮುಂದಿನ ರೋಡ್ ಹಂಪ್ ಮೇಲೆ ಹಿಂದಿನ ಟ್ರೇಲರನ್ನು ಮುಂದಿನದಕ್ಕೆ ಕೂಡಿಸುವ ಪಿನ್ ಹಾರಿತು. ಟ್ರೇಲರನ್ನು ಎಳೆಯುವ ಉದ್ದನೆಯ ಕಂಬಿ, ಅಂದರೆ ಡ್ರಾಬಾರ್, ಕೆಳಗೆ ಬಿದ್ದು ಡಾಂಬರು ಕೆತ್ತಿಕೊಂಡು ಹೋಯಿತು. ಟ್ರೇಲರ್ ರಸ್ತೆಯ ಇಳಿಜಾರಿಗೆ ಎಡಕ್ಕೆ ಜಾರಿ ತಗ್ಗಿನಲ್ಲಿ ಮೂಗು ಊರಿ ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಅದೇ ದಾರಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಸೈಕಲ್ ಮೇಲೆ ಬರುವ ಹೊತ್ತಿಗೆ ಇನ್ನೂ ಸ್ವಲ್ಪ ಸಮಯವಿತ್ತು.

ಮರುದಿನ ಬೆಳಿಗ್ಗೆ ಮಾಲೀಕರು ಎರಡೂ ಟ್ರೇಲರ್ ತಂದು ನಮ್ಮ ವೆಲ್ಡಿಂಗ್ ಶಾಪ್ ಮುಂದೆ ನಿಲ್ಲಿಸಿದರು. ಕೇಳಿದ್ದು ಒಂದೇ ಮಾತು.

"ಪಿನ್ನ ಸಣ್ಣದಾತ್ರೀ ಮಿಸ್ತ್ರೀ. ದಪ್ಪಂದೊಂದು ಹಾಕಿ ಕೊಡ್ರಿ, ಮಧ್ಯಾಹ್ನ ಗಾಡಿ ಹೊಲದಾಗ ಇರಬೇಕು."

ಅವರ ಅವಸರ ನನಗೆ ಅರ್ಥವಾಗುತ್ತದೆ. ಬೀಡ್ ಕಡೆಯಿಂದ ಬಂದ ಕಟಾವಿನ ಗ್ಯಾಂಗ್ ಹೊಲದಲ್ಲಿ ಕಾಯುತ್ತಿರುತ್ತದೆ, ಅವರ ಕೂಲಿ ಟನ್ ಲೆಕ್ಕದ್ದು. ಕಡಿದ ಕಬ್ಬು ಹೊಲದಲ್ಲೇ ಉಳಿದರೆ ದಿನದಿಂದ ದಿನಕ್ಕೆ ಒಣಗಿ ತೂಕ ಇಳಿಯುತ್ತದೆ. ಆದರೂ ಪಿನ್ ಹಾರಿದ ಗಾಡಿಗೆ ಬರೀ ಪಿನ್ ಹಾಕಿ ಕಳಿಸುವ ಕೆಲಸವನ್ನು ನಾನು ಒಪ್ಪುವುದಿಲ್ಲ.

"ಹಾಕಿ ಕೊಡ್ತೇನ್ರೀ ಗೌಡ್ರ. ಆದ್ರ ಅದು ಯಾಕ ಹಾರಿತು ಅನ್ನೂದು ಮೊದಲ ನೋಡೂಣು."

ಹಳೆಯ ಪಿನ್ ಡ್ರೈವರ್ ಹುಡುಗನ ಕೈಯಲ್ಲೇ ಇತ್ತು. ರಸ್ತೆಯಲ್ಲಿ ಬಿದ್ದದ್ದನ್ನು ಹುಡುಕಿ ತಂದಿದ್ದ. ಮುರಿದಿರಲಿಲ್ಲ. 30 ಮಿಲಿಮೀಟರ್ ದಪ್ಪದ ಸರಳು, ಮೇಲಿನ ತುದಿ ಬಗ್ಗಿಸಿ ಹಿಡಿಕೆ ಮಾಡಿದ್ದು. ನಡುಭಾಗದಲ್ಲಿ ಡ್ರಾಬಾರ್ ತುದಿಯ ರಿಂಗ್ ಕೂರುವ ಕಡೆ ಸೊಂಟದಂತೆ ಸವೆದಿತ್ತು, ಸ್ವಲ್ಪ ಬಾಗಿತ್ತು. ಕೆಳತುದಿಯಲ್ಲಿ ಕ್ಲಿಪ್ ಹಾಕುವ ತೂತು ಇತ್ತು, ತೂತಿನಲ್ಲಿ ತಂತಿಯ ಒಂದು ಮುರಿದ ತುಣುಕು ಸಿಕ್ಕಿಕೊಂಡಿತ್ತು. ಬೇಲಿ ತಂತಿಯನ್ನೇ ಕ್ಲಿಪ್ ಮಾಡಿಕೊಂಡಿದ್ದರು.

ಪಿನ್ ದಪ್ಪ ಸಾಲದು ಎಂಬ ಮಾತನ್ನು ಲೆಕ್ಕದಿಂದಲೇ ನೋಡಬಹುದು. ಸಾದಾ ಉಕ್ಕಿನ 30 ಮಿಲಿಮೀಟರ್ ಸರಳು, ಮೇಲೆ ಕೆಳಗೆ ಎರಡೂ ಕಡೆ ಪ್ಲೇಟ್ ಆಸರೆ ಇದ್ದಾಗ, ಕತ್ತರಿಸುವ ಬಲವನ್ನು ಸುಮಾರು 20 ಟನ್‌ವರೆಗೆ ತಡೆಯುತ್ತದೆ. ಒಂದು ಟ್ರೇಲರ್‌ನಲ್ಲಿ 8–10 ಟನ್ ಕಬ್ಬು ಇದ್ದರೂ ಸಮತಟ್ಟಾದ ರಸ್ತೆಯಲ್ಲಿ ಅದನ್ನು ಎಳೆಯಲು ಬೇಕಾಗುವ ಬಲ ಆ ತೂಕದ ನೂರಕ್ಕೆ ಎರಡು-ಮೂರು ಪಾಲು ಮಾತ್ರ. ಏರು, ತಗ್ಗು, ಝಟಕಾ ಎಲ್ಲ ಸೇರಿಸಿದರೂ ಪಿನ್ ತುಂಡಾಗುವ ಮಾತು ದೂರ. ಪಿನ್ನುಗಳು ಮುರಿಯುವುದಕ್ಕಿಂತ ಮೇಲಕ್ಕೆ ಎದ್ದು ಹಾರುವುದೇ ಹೆಚ್ಚು. ಹಾಗಾದರೆ ಅದನ್ನು ಮೇಲಕ್ಕೆ ಎತ್ತಿದ್ದು ಯಾವುದು?

ಉತ್ತರ ರಿಂಗ್‌ನಲ್ಲೇ ಇತ್ತು. ಡ್ರಾಬಾರ್ ತುದಿಯ ರಿಂಗ್‌ನ ತೂತು ನೆಟ್ಟಗೆ ಸವೆದಿದ್ದರೆ ಎಳೆತ ನೆಟ್ಟಗಿದೆ ಎಂದರ್ಥ. ಇಲ್ಲಿ ತೂತಿನ ಒಳಮೈ ಓರೆಯಾಗಿ ಸವೆದಿತ್ತು: ಮುಂಭಾಗದ ಒಂದು ಅಂಚು ಚಾಕುವಿನಷ್ಟು ಹರಿತ, ಅದರ ಎದುರಿನ ಅಂಚು ಹಾಗೇ ದಪ್ಪ. ಬೆರಳಾಡಿಸಿದರೆ ಸಾಕು, ಗೊತ್ತಾಗುತ್ತದೆ. ಡ್ರಾಬಾರ್ ಓರೆಯಾಗಿಯೇ ಎಳೆಯುತ್ತಾ ಬಂದಿದೆ.

ಮುಂದಿನ ಟ್ರೇಲರ್ ಅವರು ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಂದದ್ದು, ಎತ್ತರದ ಟೈರ್. ಹಿಂದಿನದು ಹಳೆಯದು, ಗಿಡ್ಡ. ಮುಂದಿನದರ ಹಿಂಬದಿ ಹುಕ್ (ರಿಂಗ್ ಒಳಗೆ ಹೋಗುವ ಎರಡು ಪ್ಲೇಟ್‌ಗಳ ಬಾಯಿ) ನೆಲದಿಂದ 32 ಇಂಚು ಇತ್ತು. ಹಿಂದಿನದರ ಡ್ರಾಬಾರ್ ಟರ್ನ್‌ಟೇಬಲ್‌ಗೆ (ಮುಂದಿನ ಆಕ್ಸಲ್ ತಿರುಗುವ ತಟ್ಟೆ) ಕೂಡುವ ಕೀಲು 24 ಇಂಚು. ಇದು ಖಾಲಿ ಗಾಡಿಯ ಅಳತೆ. ಎತ್ತರವನ್ನು ಖಾಲಿ ಇದ್ದಾಗ ಅಳೆದು ಬಿಡುವವರೇ ಹೆಚ್ಚು, ಆದರೆ ಹೇರು ಬಿದ್ದಾಗ ಪಾಟಾ (ಪಟ್ಟಿ ಸ್ಪ್ರಿಂಗ್) ಕುಗ್ಗಿ ಚಾಸಿ ಕೆಳಗಿಳಿಯುತ್ತದೆ, ಎರಡೂ ಟ್ರೇಲರ್ ಒಂದೇ ಸಮ ಇಳಿಯುವುದೂ ಇಲ್ಲ. ಅದಕ್ಕೆ ಪಕ್ಕದ ಹೊಲದವರ ಇಟ್ಟಿಗೆ ತರಿಸಿ ಎರಡಕ್ಕೂ ಹೇರಿಸಿದೆವು. ಆಗ ಹುಕ್ 29 ಇಂಚಿಗೆ ಬಂತು, ಕೀಲು 23ಕ್ಕೆ. ಇನ್ನೂ 6 ಇಂಚು ವ್ಯತ್ಯಾಸ. ಐದಡಿ ಉದ್ದದ ಡ್ರಾಬಾರ್‌ನಲ್ಲಿ ಇದು ಸಣ್ಣ ಓರೆ ಅಲ್ಲ.

ಓರೆ ಇದ್ದಾಗ ರಿಂಗ್ ಪಿನ್ನನ್ನು ಸುತ್ತಲೂ ಒಂದೇ ಸಮ ಹಿಡಿಯುವುದಿಲ್ಲ, ಎರಡು ಅಂಚಿನಲ್ಲಿ ಕಚ್ಚುತ್ತದೆ. ಹಂಪ್ ಬಂದಾಗ ಮುಂದಿನ ಟ್ರೇಲರ್‌ನ ಬಾಲ ಮೇಲೇಳುತ್ತದೆ, ಕೂಡಲೇ ಕೆಳಗಿಳಿಯುತ್ತದೆ. ಕಚ್ಚಿದ ರಿಂಗ್ ಆಗ ಹುಕ್ಕಿನ ಪ್ಲೇಟ್‌ಗಳ ನಡುವೆ ಮೇಲಕ್ಕೆ ಸರಿಯುತ್ತಾ ಪಿನ್ನನ್ನೂ ತನ್ನ ಜೊತೆ ಎಳೆಯುತ್ತದೆ. ಇಲ್ಲಿ ಪ್ಲೇಟ್‌ಗಳ ನಡುವಿನ ಸಂದು ಮೂರೂವರೆ ಇಂಚು, ರಿಂಗ್ ದಪ್ಪ ಒಂದೂಕಾಲು ಇಂಚು. ಅಷ್ಟು ಸಡಿಲಿನಲ್ಲಿ ರಿಂಗ್ ಮೇಲೆ ಕೆಳಗೆ ಕುಣಿಯಲು ಜಾಗವಿತ್ತು, ಪಿನ್ ಬಾಗಿದ್ದೂ ಅದೇ ಸಂದಿನಿಂದ. ಪಿನ್ನನ್ನು ಕೆಳಗಿನಿಂದ ತಡೆಯಬೇಕಾದ ಕ್ಲಿಪ್ ಬೇಲಿ ತಂತಿ. ಅದು ಎಂದೋ ತುಂಡಾಗಿತ್ತು.

ಅಲ್ಲಿಗೆ ಪಿನ್ ಹಾರಿದ್ದಕ್ಕೆ ಕಾರಣ ಸಿಕ್ಕಿತು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಈ ಎತ್ತರದ ವ್ಯತ್ಯಾಸದ ಇನ್ನೊಂದು ಪರಿಣಾಮ. ಜೋಡಿಸುವಾಗ ಏನು ಮಾಡ್ತೀರಿ ಎಂದು ಡ್ರೈವರನ್ನು ಕೇಳಿದೆ.

"ಸಣ್ಣಾವ ನಡುಕ ನಿಂತು ಡ್ರಾಬಾರ್ ಎತ್ತಿ ಹಿಡೀತಾನ್ರಿ. ನಾ ಹಿಂದ ತಗೊಂಡ ಹೋಗಿ ಹುಕ್ಕಿಗೆ ಕೂಡಸ್ತೇನಿ. ಕೂಡಿದ ಕೂಡ್ಲೇ ಅವಾ ಪಿನ್ನ ಬಿಡ್ತಾನ."

ಸಣ್ಣಾವ ಎಂದರೆ ಹದಿನೇಳು-ಹದಿನೆಂಟರ ಕ್ಲೀನರ್ ಹುಡುಗ. ಡ್ರಾಬಾರ್ ತುದಿ ಹುಕ್ಕಿಗಿಂತ ಕೆಳಗೆ ಜೋತು ಬಿದ್ದಿರುವುದರಿಂದ ಅದನ್ನು ಸೊಂಟದ ಮಟ್ಟಕ್ಕೆ ಎತ್ತಿ ಹಿಡಿದು ನಿಲ್ಲಲೇಬೇಕು. ಎರಡು ಟ್ರೇಲರ್‌ಗಳ ನಡುವೆ, ಕಾಲ ಕೆಳಗೆ ಎರೆಮಣ್ಣು, ಬೆನ್ನ ಹಿಂದೆ ಒಂದು ಟ್ರೇಲರ್, ಎದುರಿಗೆ ಹಿಮ್ಮುಖ ಬರುತ್ತಿರುವ ಇನ್ನೊಂದು. ಕ್ಲಚ್ ಮೇಲಿನ ಕಾಲು ಒಂದಿಷ್ಟು ಜಾರಿದರೂ ಸಾಕು. ಟ್ರ್ಯಾಕ್ಟರ್ ಮೇಲೆ ಸ್ಪೀಕರ್ ಹಾಕಿ ಹಾಡು ಹಚ್ಚಿದ್ದರೆ ಆ ಹುಡುಗ ಕೂಗಿದ್ದೂ ಕೇಳುವುದಿಲ್ಲ. ನಮ್ಮ ಭಾಗದಲ್ಲಿ ಪ್ರತಿ ಹಂಗಾಮದಲ್ಲೂ ಹೀಗೆ ಹುಡುಗರು ನಡುವೆ ನಿಲ್ಲುತ್ತಾರೆ. ಅವರು ಧೈರ್ಯ ತೋರಿಸಲು ನಿಲ್ಲುತ್ತಾರೆ ಎಂದು ಕೆಲವರು ಹೇಳುತ್ತಾರೆ, ಅದು ತಪ್ಪು. ಡ್ರಾಬಾರ್ ಹುಕ್ಕಿನ ಎತ್ತರಕ್ಕೆ ತಾನಾಗಿ ನಿಲ್ಲದಿರುವುದರಿಂದ ನಿಲ್ಲುತ್ತಾರೆ. ಎತ್ತರ ಸರಿಮಾಡಿ, ಡ್ರಾಬಾರ್ ಆ ಮಟ್ಟದಲ್ಲೇ ತೂಗಿ ನಿಲ್ಲುವಂತೆ ಮಾಡಿದರೆ ಗಾಡಿ ಹಿಂದೆ ಬರುವಾಗ ನಡುವೆ ಮನುಷ್ಯ ಬೇಕಾಗುವುದೇ ಇಲ್ಲ. ಆ ದಿನ ಮಾಲೀಕರಿಗೆ ನಾನು ಪಟ್ಟು ಹಿಡಿದು ಹೇಳಿದ್ದು ಇದೊಂದನ್ನೇ.

ಇಷ್ಟರಲ್ಲಿ ಡ್ರೈವರ್ ಇನ್ನೊಂದು ಮಾತು ತೆಗೆದ. ಹಿಂದಿನ ಡಬ್ಬಿ (ಟ್ರೇಲರ್) ಎಡಕ್ಕೆ ಸರಿದು ಬರುತ್ತದೆ, ಕನ್ನಡಿಯಲ್ಲಿ ನೋಡಿದರೆ ಎಡಗಡೆ ಕಬ್ಬು ಹೊರಗೆ ಕಾಣುತ್ತದೆ, ಬಲಗಡೆ ಕಾಣುವುದಿಲ್ಲ ಎಂದ. ಕಬ್ಬು ಹೇರಿದ್ದೇ ಓರೆಯಾಗಿದೆ ಎಂದು ಮಾಲೀಕರು ಅವನಿಗೆ ಬೈದಿದ್ದರಂತೆ.

ಅಂಗಳಕ್ಕೆ ನೀರು ಚಿಮುಕಿಸಿ, ಇಟ್ಟಿಗೆ ಹೇರಿದ ಹಿಂದಿನ ಟ್ರೇಲರನ್ನೇ ಟ್ರ್ಯಾಕ್ಟರ್‌ಗೆ ಜೋಡಿಸಿ ನೆಟ್ಟಗೆ ಎಳೆಸಿದೆ. ಹಸಿ ಮಣ್ಣಿನ ಮೇಲೆ ಟ್ರೇಲರ್‌ನ ಮುಂದಿನ ಗಾಲಿಯ ಗುರುತು, ಹಿಂದಿನ ಗಾಲಿಯ ಗುರುತು ಎರಡೂ ಬೇರೆ ಬೇರೆ ಬಿದ್ದವು. ಹಿಂದಿನವು ನಾಲ್ಕೂವರೆ ಇಂಚು ಎಡಕ್ಕೆ. ಚಕ್ಕಡಿಯ ಅಚ್ಚು ಒಂದು ಕಡೆ ಸರಿದರೆ ಮೂಕಿ ಒಂದು ಎತ್ತಿನ ಮೈಗೆ ಒತ್ತಿಕೊಂಡೇ ಹೋಗುತ್ತದಲ್ಲ, ಹಾಗೆ.

ಮಾಲೀಕರು ಟೈರ್ ತೋರಿಸಿ, ಆಕ್ಸಲ್ ಬೆಂಡಾಗಿದ್ದರೆ ಟೈರ್ ಸವೆಯಬೇಕಿತ್ತು, ಇಲ್ಲಿ ಸವೆದಿಲ್ಲ ಎಂದರು. ಅವರ ಮಾತು ಸರಿ. ಆಕ್ಸಲ್ ಬಾಗಿದ್ದರೆ ಎರಡು ಗಾಲಿಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡುತ್ತವೆ, ಟೈರ್ ನೆಲಕ್ಕೆ ಉಜ್ಜಿ ಗರಗಸದ ಹಲ್ಲಿನ ಹಾಗೆ ಸವೆಯುತ್ತದೆ. ಆದರೆ ಇಡೀ ಆಕ್ಸಲ್ಲೇ ಓರೆಯಾಗಿ ಕೂತಿದ್ದರೆ ಎರಡೂ ಗಾಲಿ ಒಂದೇ ದಿಕ್ಕಿಗೆ ಸಲೀಸಾಗಿ ಉರುಳುತ್ತವೆ. ಓರೆಯಾಗುವುದು ಮೇಲಿನ ಮೈ. ಟೈರ್ ಚೆನ್ನಾಗಿದೆ ಎಂಬ ಸಮಾಧಾನದಲ್ಲೇ ಈ ದೋಷ ವರ್ಷಗಟ್ಟಲೆ ಅಡಗಿ ಕೂರುತ್ತದೆ.

ಅಳತೆಗೆ ದೊಡ್ಡ ಸಾಮಾನೇನೂ ಬೇಡ. ಗೌಂಡಿಗಳ ಓಳಂಬವನ್ನು (ತೂಗುಗುಂಡು) ಟರ್ನ್‌ಟೇಬಲ್‌ನ ಕಿಂಗ್ ಪಿನ್, ಅಂದರೆ ಅದು ತಿರುಗುವ ನಡುಗೂಟದ ನಡುವಿನಿಂದ ನೆಲಕ್ಕೆ ಇಳಿಬಿಟ್ಟು ಗುರುತು ಮಾಡಿದೆವು. ಹಿಂದಿನ ಆಕ್ಸಲ್‌ನ ಎರಡೂ ತುದಿಯ ಹಬ್ ನಡುವಿನಿಂದ ಹಾಗೆಯೇ ಎರಡು ಗುರುತು. ಆಮೇಲೆ ಕಿಂಗ್ ಪಿನ್ ಗುರುತಿನಿಂದ ಎಡ ಹಬ್‌ಗೆ ಒಂದು ಅಳತೆ, ಬಲ ಹಬ್‌ಗೆ ಒಂದು. ಎಳೆದರೆ ಹಿಗ್ಗುವ ಸುತಲಿ ಬೇಡ, ಉಕ್ಕಿನ ಟೇಪೇ ಬೇಕು. ಎಡಗಡೆ 2 ಇಂಚಿಗೂ ಸ್ವಲ್ಪ ಮೇಲೆ ಹೆಚ್ಚು ಬಂತು. ಆಕ್ಸಲ್‌ನ ಎಡತುದಿ ಹಿಂದಕ್ಕೆ ಹೋಗಿದೆ.

ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಎಡಗಡೆ ಪಾಟಾವನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಯು ಬೋಲ್ಟ್‌ನ ನಟ್ ಕೈಯಿಂದಲೇ ತಿರುಗುವಷ್ಟು ಸಡಿಲ. ಆಕ್ಸಲ್ ಕೂತಿದ್ದ ಹಳೆಯ ಜಾಗ ಪಾಟಾ ಮೇಲೆ ಹೊಳೆಯುತ್ತಿತ್ತು, ಈಗ ಕೂತಿರುವ ಜಾಗ ಅದಕ್ಕಿಂತ ಒಂದೂವರೆ ಇಂಚು ಹಿಂದೆ. ಬಿಚ್ಚಿದಾಗ ಸೆಂಟರ್ ಬೋಲ್ಟ್ ಎರಡು ತುಂಡಾಗಿ ಹೊರಬಂತು, ಮುರಿದ ಮುಖದಲ್ಲಿ ಮುಕ್ಕಾಲು ಭಾಗ ತುಕ್ಕು ಹಿಡಿದಿತ್ತು. ಹಳೆಯ ಬಿರುಕು. ಪಾಟಾದ ಪಟ್ಟಿಗಳನ್ನೆಲ್ಲ ಕೂಡಿಸಿ, ಆಕ್ಸಲ್ ಅತ್ತಿತ್ತ ಹೋಗದಂತೆ ಜಾಗ ಹಿಡಿಯುವುದು ಈ ಸೆಂಟರ್ ಬೋಲ್ಟ್‌ನ ತಲೆ. ಆದರೆ ಅದಕ್ಕೆ ಬಲ ಕೊಡುವುದು ಯು ಬೋಲ್ಟ್‌ನ ಬಿಗಿ. ಯು ಬೋಲ್ಟ್ ಸಡಿಲಾದರೆ ತಗ್ಗಿನ ಪ್ರತಿ ಪೆಟ್ಟನ್ನೂ ಆ ಒಂದು ಬೋಲ್ಟೇ ತಿನ್ನುತ್ತದೆ, ಒಂದು ದಿನ ತುಂಡಾಗುತ್ತದೆ. ಹೊಸ ಸೆಂಟರ್ ಬೋಲ್ಟ್ ಹಾಕಿ ಯು ಬೋಲ್ಟ್ ಹಳೆಯವನ್ನೇ ಬಿಗಿಯುವವರಿದ್ದಾರೆ. ಹಿಗ್ಗಿ ಮರೆ (ಥ್ರೆಡ್) ಸವೆದ ಯು ಬೋಲ್ಟ್ ಬಿಗಿ ಹಿಡಿಯುವುದಿಲ್ಲ, ಎರಡನ್ನೂ ಬದಲಿಸಬೇಕು.

ಪಾಟಾಗಳ ನಡುವಿನ ಅಂತರ 40 ಇಂಚು, ಕಿಂಗ್ ಪಿನ್‌ನಿಂದ ಹಿಂದಿನ ಆಕ್ಸಲ್‌ಗೆ 10 ಅಡಿ, ಅಂದರೆ 120 ಇಂಚು. 40ಕ್ಕೆ ಒಂದೂವರೆ ಇಂಚು ಓರೆ ಎಂದರೆ 120ಕ್ಕೆ ನಾಲ್ಕೂವರೆ. ಹಸಿ ಮಣ್ಣಿನ ಗುರುತು ಹೇಳಿದ್ದೂ ಅದನ್ನೇ. ಲೆಕ್ಕ ಮತ್ತು ಗುರುತು ಹೀಗೆ ಕೂಡಿ ಬಂದಾಗ ಬೇರೆ ಕಾರಣ ಹುಡುಕುವ ಅಗತ್ಯ ಉಳಿಯುವುದಿಲ್ಲ. ಹೇರಿನ ತಪ್ಪಲ್ಲ ಎಂದು ಗೊತ್ತಾದ ಮೇಲೆ ಮಾಲೀಕರು ಡ್ರೈವರ್ ಕಡೆ ನೋಡಿ, "ನಿಂದ ಖರೇ ಇತ್ತಪ್ಪಾ" ಎಂದರು.

ಮಾಲೀಕರು ಕೂಡಲೇ ಎರಡನ್ನೂ ಕೂಡಿಸಿದರು: ಆಕ್ಸಲ್ ಸರಿದದ್ದಕ್ಕೇ ಪಿನ್ ಹಾರಿದೆ ಎಂದು. ನಾನು ಒಪ್ಪಲಿಲ್ಲ. ನಾಲ್ಕು ಗಾಲಿಯ ಟ್ರೇಲರ್‌ನಲ್ಲಿ ಮುಂದಿನ ಆಕ್ಸಲ್ ಟರ್ನ್‌ಟೇಬಲ್ ಮೇಲೆ ತಿರುಗುತ್ತದೆ, ಹಿಂದೆ ಎಷ್ಟೇ ಓರೆ ಇದ್ದರೂ ಡ್ರಾಬಾರ್ ನೆಟ್ಟಗೇ ಇರುತ್ತದೆ. ಇವು ಎರಡು ಬೇರೆ ದೋಷಗಳು. ಒಂದನ್ನು ಸರಿಮಾಡಿ ಇನ್ನೊಂದು ತಾನೇ ಸರಿಹೋಯಿತು ಎಂದುಕೊಂಡರೆ ಮತ್ತೆ ರಸ್ತೆಯಲ್ಲೇ ಅದು ಗೊತ್ತಾಗುವುದು. ಓರೆಯಾದ ಟ್ರೇಲರ್‌ನ ಅಪಾಯ ಬೇರೆ ಥರದ್ದು: ಅದು ರಸ್ತೆಯಲ್ಲಿ ತನ್ನ ಅಗಲಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಇವರದು ಎಡಕ್ಕೆ, ನಡೆದು ಹೋಗುವವರ ಕಡೆಗೆ ಸರಿದಿತ್ತು. ಬಲತುದಿ ಹಿಂದೆ ಹೋಗಿದ್ದರೆ ರಾತ್ರಿ ಎದುರಿನಿಂದ ಬರುವ ಬೈಕಿನವನಿಗೆ ಅದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತಿತ್ತು.

ರಿಪೇರಿಗೆ ಆ ದಿನ ಪೂರ್ತಿ ಹೋಯಿತು. ಆಕ್ಸಲ್ ಜಾಗಕ್ಕೆ ಕೂರಿಸಿ, ಹೊಸ ಬೋಲ್ಟ್‌ಗಳಿಂದ ಬಿಗಿದು, ಟೇಪಿನಲ್ಲಿ ಎರಡೂ ಕಡೆ ಒಂದೇ ಅಳತೆ ಬರುವವರೆಗೆ ನೋಡಿದೆವು. ಮುಂದಿನ ಟ್ರೇಲರ್‌ನ ಹುಕ್ ಕತ್ತರಿಸಿ ತೆಗೆದು 5 ಇಂಚು ಕೆಳಗೆ ಇಳಿಸಿದೆವು. ಹೀಗೆ ಇಳಿಸುವಾಗ ಒಂದು ಪಟ್ಟಿ ಜೋತುಬಿಟ್ಟು ಅದಕ್ಕೆ ಹುಕ್ ಅಂಟಿಸಿದರೆ ಸಾಲದು, ಎಳೆತ ಆ ಪಟ್ಟಿಯನ್ನು ಹಿಂದಕ್ಕೆ ಮಡಚುತ್ತದೆ. ಚಾಸಿಯ ಅಡ್ಡಪಟ್ಟಿಗೆ ಬೋಲ್ಟ್, ಮೇಲೆ ವೆಲ್ಡಿಂಗ್, ಜೊತೆಗೆ ಚಾಸಿಯ ಉದ್ದಪಟ್ಟಿಗಳಿಗೆ ಓರೆ ಆಸರೆ ಕೊಟ್ಟೆವು. ಪ್ಲೇಟ್‌ಗಳ ಸಂದು 2 ಇಂಚಿಗೆ ಇಳಿಸಿದೆ. ರಿಂಗ್‌ಗೆ ತೀರಾ ಬಿಗಿ ಮಾಡಬಾರದು, ಒಂದು ಟ್ರೇಲರ್ ತಗ್ಗಿಗೆ ವಾಲಿದಾಗ ರಿಂಗ್ ಸ್ವಲ್ಪ ಓರೆಯಾಗಲು ಜಾಗ ಬೇಕು. ರಿಂಗ್ ಹೊಸದು. ಪಿನ್ ಸಾದಾ ಉಕ್ಕಿಗಿಂತ ಗಟ್ಟಿಯಾದ ಇಎನ್-8 ಉಕ್ಕಿನದು, ಲೇತ್‌ನಲ್ಲಿ ತಲೆ ಸಮೇತ ಕಡೆಸಿದ್ದು, ದಪ್ಪ ಮೊದಲಿನ 30 ಮಿಲಿಮೀಟರೇ. ಕೆಳಗೆ ಸ್ಪ್ರಿಂಗ್ ಕ್ಲಿಪ್, ಕ್ಲಿಪ್‌ಗೊಂದು ಸಣ್ಣ ಸರಪಳಿ, ಕಳೆಯದಂತೆ.

ಎರಡು ಟ್ರೇಲರ್ ನಡುವೆ ಸುರಕ್ಷೆಯ ಸರಪಳಿ ಇರಲೇ ಇಲ್ಲ. ಎರಡು ಸರಪಳಿಗಳನ್ನು ಡ್ರಾಬಾರ್ ಕೆಳಗೆ ಒಂದಕ್ಕೊಂದು ಅಡ್ಡ ಹಾಯುವಂತೆ ಹಾಕಿಸಿದೆ. ಪಿನ್ ಹೋದರೂ ಡ್ರಾಬಾರ್ ತುದಿ ಆ ಸರಪಳಿಗಳ ಮಡಿಲಿಗೆ ಬೀಳುತ್ತದೆ, ನೆಲಕ್ಕೆ ಚುಚ್ಚುವುದಿಲ್ಲ. ತಿರುವಿನಲ್ಲಿ ಎಳೆಯದಷ್ಟು ಸಡಿಲ, ನೆಲಕ್ಕೆ ತಾಗದಷ್ಟು ಬಿಗಿ.

ಆ ಕ್ಲೀನರ್ ಹುಡುಗನಿಗಾಗಿ ಮಾಡಿದ್ದು ಇನ್ನೊಂದು ಸರಪಳಿ. ಹಿಂದಿನ ಟ್ರೇಲರ್‌ನ ಮುಂಪಟ್ಟಿಯಿಂದ ಡ್ರಾಬಾರ್ ನಡುವಿಗೆ, ಕೊಕ್ಕೆಯನ್ನು ಸರಪಳಿಯ ಬೇಕಾದ ಕೊಂಡಿಗೆ ಸಿಕ್ಕಿಸುವಂತೆ. ಬಿಚ್ಚುವ ಮೊದಲು ಕೊಕ್ಕೆ ಹಾಕಿದರೆ ಡ್ರಾಬಾರ್ ಹುಕ್ಕಿನ ಎತ್ತರದಲ್ಲೇ ತೂಗಿ ನಿಲ್ಲುತ್ತದೆ. ಜೋಡಿಸಿದ ಮೇಲೆ ಕೊಕ್ಕೆ ಬಿಡಿಸಲೇಬೇಕು, ಇಲ್ಲದಿದ್ದರೆ ಹಂಪ್ ಮೇಲೆ ಅದೇ ಡ್ರಾಬಾರನ್ನು ಎತ್ತುತ್ತದೆ.

ಸಂಜೆ ಅಂಗಳದಲ್ಲಿ ಜೋಡಿಸಿ ತೋರಿಸಿದೆ. ನಾಲ್ಕು ಗಾಲಿಯ ಟ್ರೇಲರನ್ನು ಹಿಂದಕ್ಕೆ ಒಯ್ಯುವುದು ಎರಡು ಗಾಲಿಯದರ ಹಾಗಲ್ಲ. ಎರಡು ಗಾಲಿಯದಕ್ಕೆ ಮಡಚುವ ಜಾಗ ಒಂದೇ, ಸ್ಟೇರಿಂಗ್ ಉಲ್ಟಾ ತಿರುಗಿಸಿ ಸಾಧಿಸಬಹುದು. ನಾಲ್ಕು ಗಾಲಿಯದಕ್ಕೆ ಹುಕ್ ಒಂದು, ಟರ್ನ್‌ಟೇಬಲ್ ಒಂದು, ಎರಡು ಕಡೆ ಮಡಚುತ್ತದೆ. ಹಿಂದೆ ಹೋಗುತ್ತಾ ಸಾಲು ಸರಿಮಾಡುತ್ತೇನೆ ಎನ್ನುವವನು ಗಂಟೆಗಟ್ಟಲೆ ಒದ್ದಾಡುತ್ತಾನೆ. ಸಾಲು ಮಾಡಬೇಕಾದದ್ದು ಮುಂದೆ ಹೋಗುವಾಗ. ನಿಂತ ಟ್ರೇಲರ್‌ನ ಡ್ರಾಬಾರ್ ನೇರಕ್ಕೆ ನೆಲದ ಮೇಲೆ ಸುಣ್ಣದ ಗೆರೆ ಎಳೆಸಿದೆ. ಡ್ರೈವರ್ ಟ್ರ್ಯಾಕ್ಟರ್ ಮತ್ತು ಮುಂದಿನ ಟ್ರೇಲರನ್ನು ಆ ಗೆರೆ ಮೇಲೆ ಮುಂದಕ್ಕೆ ನೆಟ್ಟಗೆ ತಂದು, ಟ್ರ್ಯಾಕ್ಟರ್, ಡ್ರಾಬಾರ್, ಟ್ರೇಲರ್ ಮೂರೂ ಒಂದೇ ಸಾಲಿಗೆ ಬಂದ ಮೇಲೆ ನಿಲ್ಲಿಸಿದ. ಹಿಂದಕ್ಕೆ ಬರಬೇಕಾದದ್ದು ಕೆಲವೇ ಅಡಿ ಉಳಿಯಿತು. ನಿಂತ ಟ್ರೇಲರ್‌ನ ಗಾಲಿಗೆ ಎರಡೂ ಕಡೆ ಅಡ್ಡಗಲ್ಲು. ಹಾಡು ಬಂದ್. ಹುಡುಗ ಬಲಗಡೆ, ಗಾಲಿಯಿಂದ ದೂರ, ಡ್ರೈವರ್ ಕಣ್ಣಿಗೆ ಕಾಣುವಲ್ಲಿ ನಿಂತು ಕೈಸನ್ನೆ ಮಾಡಿದ. ಅವನು ಕಾಣದಿದ್ದರೆ ಗಾಡಿ ನಿಲ್ಲಿಸಬೇಕು, ಅದಕ್ಕೆ ಬೇರೆ ಸನ್ನೆ ಬೇಡ. ರಿಂಗ್ ಹುಕ್ಕಿನೊಳಗೆ ಹೋದ ಮೇಲೆ ಡ್ರೈವರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ ಕೈ ಎತ್ತಿ ತೋರಿಸಿದ. ಆಮೇಲೆ ಹುಡುಗ ನಡುವೆ ಹೋಗಿ ಪಿನ್ ಮೇಲಿನಿಂದ ಬಿಟ್ಟು ಕ್ಲಿಪ್ ಹಾಕಿದ, ಸರಪಳಿಗಳನ್ನು ಸಿಕ್ಕಿಸಿದ, ತೂಗುಕೊಕ್ಕೆ ಬಿಡಿಸಿದ. ಒಂದೆರಡು ಗಜ ಮುಂದೆ ಎಳೆದು, ನಿಲ್ಲಿಸಿ, ಮತ್ತೆ ನೋಡಿದರು.

ಇದೇ ಹೊತ್ತಿಗೆ ಟ್ರ್ಯಾಕ್ಟರ್ ನೋಡಿದರೆ ಎಡ-ಬಲ ಬ್ರೇಕ್ ಪೆಡಲ್ ಕೂಡಿಸುವ ಲಾಕ್ ಬಿಚ್ಚಿತ್ತು. ಹೊಲದಲ್ಲಿ ತಿರುಗಿಸಲು ಬಿಚ್ಚಿದ್ದನ್ನು ಹಾಗೇ ರಸ್ತೆಗೆ ತರುತ್ತಾರೆ. ಟ್ರ್ಯಾಕ್ಟರ್ ತೂಕ ಎರಡು-ಎರಡೂವರೆ ಟನ್, ಹಿಂದೆ ತಳ್ಳುವುದು ಅದರ ಎಷ್ಟೋ ಪಟ್ಟು. ಒಂದೇ ಗಾಲಿಗೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಟ್ರೇಲರ್ ಅದನ್ನು ಮಡಚಿ ಹಾಕುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದೂ ಅಷ್ಟೇ ಕೆಟ್ಟದ್ದು, ಆ ಟ್ರೇಲರ್‌ಗಳಿಗೆ ತಮ್ಮದೇ ಬ್ರೇಕ್ ಇಲ್ಲ. ಇನ್ನೊಂದು ಮಾತನ್ನೂ ಅವನಿಗೆ ಹೇಳಿ ಕಳಿಸಿದೆ: ಹಸಿ ಎರೆಮಣ್ಣಿನಲ್ಲಿ ಗಾಡಿ ಹೂತಾಗ ಸರಪಳಿಯನ್ನು ಟ್ರ್ಯಾಕ್ಟರ್ ಹಿಂಬದಿ ಮೇಲಿನ ಟಾಪ್ ಲಿಂಕ್ (ನೇಗಿಲಿನಂಥ ಉಪಕರಣದ ಮೇಲ್ತುದಿ ಹಿಡಿಯುವ ತೋಳು) ಜಾಗಕ್ಕೆ ಎಂದೂ ಕಟ್ಟಬಾರದು. ಎಳೆತ ಹಿಂದಿನ ಆಕ್ಸಲ್‌ಗಿಂತ ಮೇಲಿದ್ದರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಡ್ರೈವರ್ ಮೇಲೆಯೇ ಮಗುಚುತ್ತದೆ, ಹಾರಿ ಇಳಿಯಲು ಸಮಯ ಸಿಗುವುದಿಲ್ಲ.

ಯು ಬೋಲ್ಟ್‌ಗಳನ್ನು ಮೊದಲ ಹೇರು ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು, ಹೊಸದು ಹೇರಿನಡಿ ಕೂತು ಸಡಿಲಾಗುತ್ತದೆ. ಮಾಲೀಕರು ಅದಕ್ಕೆ ಬಂದಾಗ ನಟ್‌ನಿಂದ ಪ್ಲೇಟ್‌ವರೆಗೆ, ಆಕ್ಸಲ್‌ನಿಂದ ಪಾಟಾವರೆಗೆ ಬಿಳಿ ಬಣ್ಣದ ಒಂದೊಂದು ಗೆರೆ ಎಳೆದು ಕೊಟ್ಟೆ. ಕಾರ್ಖಾನೆಯ ತೂಕದ ಕಾಟಾ ಮುಂದೆ ಪಾಳಿ ಕಾಯುವಾಗ ಹುಡುಗ ಬಗ್ಗಿ ನೋಡಿದರೆ ಸಾಕು, ಗೆರೆ ಮುರಿದಿದ್ದರೆ ಏನೋ ಸರಿದಿದೆ ಎಂದು ತಿಳಿಯುತ್ತದೆ. ಟ್ರೇಲರ್‌ನ ಬ್ರೇಕ್ ಕೆಲಸ ಮಾತ್ರ ಬಾಕಿ ಉಳಿದಿದೆ. ಹಂಗಾಮ ಮುಗಿದ ಮೇಲೆ ಗಾಡಿ ಬಿಡುವುದಾಗಿ ಮಾತು ಕೊಟ್ಟಿದ್ದಾರೆ.